ಪೂಲಿಗಿಳಿದ ಹರಿಗೋಲು

ನಮ್ಮ ಹೋಂಸ್ಟೇಗೆ ಬರುವವರು ಕೋಣೆಯ ಬೀಗದ ಕೈ ಇಸಿದುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದೇ. "ಪೂಲ್ ದಿನಾ ಕ್ಲೀನ್ ಮಾಡ್ತೀರಾ?" ಮಾಡುತ್ತೇನೆ. ಆದರೆ ದಿನಾ ಅದರೊಳಗಿಂದ ಏನೇನು ತೆಗೆಯುತ್ತೇನೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೆ. ಅವರು ಬಂದ ಆಟೋದಲ್ಲೇ ಹೊಸಪೇಟೆಗೆ ವಾಪಸಾಗುತ್ತಿದ್ದರು.

ಬುಕ್ಕಸಾಗರದ ಅಂಚಿಗೆ, ಬಾಳೆತೋಟದ ನಡುವೆ ನಮ್ಮ ಮನೆ, ಅದಕ್ಕೆ ಅಂಟಿಕೊಂಡು ಹೋಂಸ್ಟೇ. ತೋಟದ ಹಿಂದೆ ಕೂಗಳತೆಯಲ್ಲಿ ತುಂಗಭದ್ರೆ. ಹಂಪಿ ನೋಡಲು ಎಲ್ಲೆಲ್ಲಿಂದಲೋ ಬರುವ ಜನ ಕಾಂಪೌಂಡಿನ ಹತ್ತಿರ ನಿಂತು ಹೊಳೆಯ ಫೋಟೊ ಹೊಡೆದುಕೊಳ್ಳುತ್ತಾರೆ. ಆಮೇಲೆ ಹೊಳೆಗೆ ಬೆನ್ನು ತಿರುಗಿಸಿ ನೀಲಿ ಟೈಲ್ಸಿನ ತೊಟ್ಟಿಯೊಳಗೆ ಇಳಿಯುತ್ತಾರೆ. "ಹೊಳೆಯಲ್ಲಿ ಮೊಸಳೆ ಇರ್ತಾವಂತೆ" ಎನ್ನುತ್ತಾರೆ. ಇರುತ್ತವೆ. ಆದರೆ ತಲೆ ತುಂಬ ಕೊಬ್ಬರಿ ಎಣ್ಣೆ ತಟ್ಟಿಕೊಂಡು ನೀರಿಗಿಳಿದ ಮೊಸಳೆಯನ್ನು ನಾನಂತೂ ಕಂಡಿಲ್ಲ.

ಪೂಲಿನಲ್ಲಿ ಸಿಕ್ಕಿದ್ದನ್ನೆಲ್ಲ ಹೇಳುತ್ತ ಕೂತರೆ ಊಟ ಸೇರುವುದಿಲ್ಲ, ಆದರೂ ಸ್ವಲ್ಪ ಹೇಳಲೇಬೇಕು. ಅರ್ಧ ಕಚ್ಚಿದ ಮಿರ್ಚಿ ಸಿಕ್ಕಿದೆ. ಮಂಗ ಕಿತ್ತುಕೊಂಡು ಹೋಗಿ, ರುಚಿ ನೋಡಿ, ಸಿಟ್ಟಿಗೆದ್ದು ಎಸೆದ ಶಾಂಪೂ ಪೊಟ್ಟಣ ಸಿಕ್ಕಿದೆ. ಕೂಸಿನ ಡೈಪರ್ ನೀರು ಕುಡಿದು ಕುಂಬಳಕಾಯಿ ಗಾತ್ರ ಆಗಿದ್ದನ್ನು ಎರಡು ಕೈಯಲ್ಲಿ ಎತ್ತಿದ್ದೇನೆ. ಒಂದು ಬೆಳಿಗ್ಗೆ ತಳದಲ್ಲಿ ಯಾರದೋ ಹಲ್ಲಿನ ಸೆಟ್ಟು ನನ್ನನ್ನು ನೋಡಿ ನಗುತ್ತಿತ್ತು. ಅದರ ಯಜಮಾನರು ಒಳಗೆ ಇಡ್ಲಿ ತಿನ್ನುತ್ತಿದ್ದರು, ಕಳೆದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಮ್ಮ ಇಡ್ಲಿ ಅಷ್ಟು ಮೆತ್ತಗಿರುತ್ತದೆ ಎಂದು ನನ್ನ ಹೆಂಡತಿ ಈಗಲೂ ಹೇಳಿಕೊಳ್ಳುತ್ತಾಳೆ.

ಹೊರಗಿನವರದ್ದು ಹೀಗಾದರೆ ನಮ್ಮವರದ್ದು ಇನ್ನೂ ಒಂದು ಕೈ ಮೇಲು. ಎಮ್ಮಿಗನೂರಿನ ಕಡೆಯ ನನ್ನ ದಾಯಾದಿಯೊಬ್ಬ ನೆಲ್ಲಿನ ಗದ್ದೆಗೆ ಔಷಧಿ ಹೊಡೆದು, ಬೆನ್ನಿಗೆ ಪಂಪು ಹಾಕಿಕೊಂಡೇ ನೆಟ್ಟಗೆ ಪೂಲಿನ ಹತ್ತಿರ ಬಂದಿದ್ದ. ಪಂಪಿನ ಮುಚ್ಚಳ ಬಿಚ್ಚುತ್ತಿದ್ದಾಗ ಓಡಿ ಹೋಗಿ ಅವನ ಕೈ ಹಿಡಿದೆ. "ಇಷ್ಟು ನೀರು ಸುಮ್ನ ನಿಂತಾವ, ಒಂದೀಟು ತೊಳಕೊಂಡ್ರ ಏನಾಗತ್ತ?" ಎಂದು ಅವನೇ ನನ್ನ ಮೇಲೆ ಮುನಿಸಿಕೊಂಡ. ಕಂಪ್ಲಿಯಿಂದ ಬಂದ ನೆಂಟರ ಹೆಂಗಸರು ಹಬ್ಬದ ಮುಂಚೆ ಮನೆಯ ಕೌದಿಗಳನ್ನೆಲ್ಲ ಗಂಟು ಕಟ್ಟಿ ತಂದಿದ್ದರು. ಹಳೆ ಸೀರೆ ಪದರ ಪದರ ಹೊಲಿದ ಕೌದಿ ನೀರು ಹೀರಿದರೆ ಕೋಣನ ತೂಕ. ನಾನು ಹೊಸಪೇಟೆಯಿಂದ ಬರುವಷ್ಟರಲ್ಲಿ ಒಂದು ಕೌದಿ ತಳ ಸೇರಿತ್ತು, ತಂದವರು ದಂಡೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

ಹೀಗೆ ಒಂದೊಂದು ಅನಾಹುತ ಆದಾಗಲೂ ನಾನು ಪೂಲಿನ ಬೋರ್ಡಿಗೆ ಒಂದೊಂದು ಸಾಲು ಸೇರಿಸುತ್ತ ಬಂದೆ. ತಿಂಡಿ ತರಬಾರದು, ಸೋಪು ಹಚ್ಚಬಾರದು, ಪಂಪು ತೊಳೆಯಬಾರದು, ಕೌದಿ ಒಗೆಯಬಾರದು. ಪಟ್ಟಣದ ಅತಿಥಿಗಳು ಆ ಕೊನೆಯ ಎರಡು ಸಾಲು ಓದಿ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಹರಿಗೋಲು ಇಳಿಸಬಾರದು ಎಂದು ಮಾತ್ರ ಬರೆದಿರಲಿಲ್ಲ. ಯಾರಾದರೂ ಬರೆಯುತ್ತಾರೆಯೇ? ಅದನ್ನು ಇಳಿಸಿದವನು ನನ್ನ ಸ್ವಂತ ಅಪ್ಪ, ಇಳಿಸಿದ್ದು ನನ್ನ ಸ್ವಂತ ಮಗಳ ಮದುವೆಯ ದಿನ.

ಅಪ್ಪ ಅಂಬಿಗ. ಸೇತುವೆ ಬರುವ ತನಕ ಈ ದಡದಿಂದ ಆ ದಡಕ್ಕೆ ಮನುಷ್ಯರನ್ನು, ಮೇಕೆಗಳನ್ನು, ನೆಲ್ಲಿನ ಚೀಲಗಳನ್ನು, ಬೈಕುಗಳನ್ನು ತನ್ನ ಹರಿಗೋಲಿನಲ್ಲಿ ದಾಟಿಸಿದವನು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರಲ್ಲ, ಸೇತುವೆ ಬಂದ ಮೇಲೆ ದಾಟುವ ಮೊದಲೂ ಹಂಗಿಲ್ಲದಂತಾಯಿತು. ಹರಿಗೋಲನ್ನು ಹಿತ್ತಲಿನಲ್ಲಿ ಬೋರಲು ಹಾಕಿದ. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿದವು. ನಾನು ಪೂಲು ಕಟ್ಟಿಸಿದಾಗ ಅಪ್ಪ ಅದಕ್ಕೆ ಒಂದೇ ದಿನದಲ್ಲಿ ಹೆಸರಿಟ್ಟ. ಬಚ್ಚಲ. ಹರಿಯದ ನೀರಿಗೆ ಬೇರೆ ಹೆಸರಿಲ್ಲ ಎನ್ನುವುದು ಅವನ ವಾದ. ಒಮ್ಮೆಯೂ ಅದರ ದಂಡೆಗೆ ಕಾಲಿಡಲಿಲ್ಲ. ನನ್ನ ಹತ್ತಿರ ಕೆಲಸವಿದ್ದರೆ ಬಾಳೆಗಿಡಗಳ ನಡುವೆ ನಿಂತು, ಅತಿಥಿಗಳೆಲ್ಲ ಕೇಳುವ ಹಾಗೆ, "ಲೇ, ಬಚ್ಚಲದಾಗಿಂದ ಹೊರಗ ಬಾ" ಎಂದು ಕೂಗುತ್ತಿದ್ದ.

ಅಪ್ಪನಿಗೆ ಈ ವಯಸ್ಸಿನಲ್ಲಿ ಉಳಿದಿದ್ದ ಆಸೆ ಒಂದೇ. ಮೊಮ್ಮಗಳನ್ನು, ಅಂದರೆ ನನ್ನ ಮಗಳನ್ನು, ಮದುವೆಯ ದಿನ ತನ್ನ ಹರಿಗೋಲಿನಲ್ಲಿ ದಾಟಿಸಿ ಗಂಡನ ಕೈಗೆ ಒಪ್ಪಿಸಬೇಕು. ಊರಿನ ಎಷ್ಟೋ ಹೆಣ್ಣುಮಕ್ಕಳನ್ನು ಹಾಗೆ ದಾಟಿಸಿದ್ದ, ತನ್ನ ಸ್ವಂತ ತಂಗಿಯನ್ನೂ. ಮಗಳು ಲಂಗ ಹಾಕಿಕೊಂಡು ಓಡಾಡುವ ಕಾಲದಲ್ಲೇ ಅವಳಿಗೆ ಮಾತು ಕೊಟ್ಟಿದ್ದ. ಹಲ್ಲು ಹೋದವು, ಒಂದು ಕಣ್ಣು ಮಂಜಾಯಿತು, ಕೈ ನಡುಗಲು ಶುರುವಾಯಿತು. ಹುಟ್ಟಿಗೆ ಎಣ್ಣೆ ಹಚ್ಚಿ ಒರೆಸಿಡುವುದನ್ನು ಮಾತ್ರ ಬಿಡಲಿಲ್ಲ.

ಮಗಳು ಒಪ್ಪಿದ ಹುಡುಗ ಸಂಡೂರಿನವನು. ಒಳ್ಳೆಯ ಹುಡುಗ, ಗಣಿಯಲ್ಲಿ ಕೆಲಸ. ಅಪ್ಪ ಹುಡುಗನ ಕುಲ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

"ನಡುವ ಹೊಳಿ ಐತೇನು?" ಎಂದ.

"ಇಲ್ಲಪ್ಪ. ಹೊಸಪ್ಯಾಟಿ ದಾಟಿದ್ರ ಅದಿರಿನ ಲಾರಿ ಅದಾವ, ಧೂಳು ಐತಿ."

"ಒಂದು ಹಳ್ಳಾನೂ ಇಲ್ಲೇನು?"

"ಅದಾವ. ಎಲ್ಲಾದ್ರ ಮ್ಯಾಲೂ ಬ್ರಿಜ್ ಕಟ್ಯಾರ."

"ನೀರು ಅಡ್ಡ ಇಲ್ದ ಊರಿಗೆ ಹೆಣ್ಣು ಕೊಡೋದಂದ್ರ ಪಕ್ಕದ ಮನಿಗೆ ಕೊಟ್ಟಂಗ" ಎಂದು ಅಪ್ಪ ಎದ್ದು ಹೋದ. ಅವತ್ತಿನಿಂದ ಊಟದ ಮುಂದೆ ಕೂತು ರೊಟ್ಟಿ ಮುರಿಯುವುದು, ಬಿಡುವುದು. ಬೀಗರ ಮನೆಯವರು ಬಂದಾಗ ಅವರಿಗೆ ಬೆನ್ನು ಮಾಡಿ ಕೂತ.

ದಾರಿಯಲ್ಲಿ ಹೊಳೆ ಇಲ್ಲದಿದ್ದರೆ ಏನಾಯಿತು, ನಮ್ಮ ಹೊಳೆಯಲ್ಲೇ ಆಚೆ ಹೋಗಿ ಈಚೆ ಬಂದರಾಯಿತು ಎಂದಳು ನನ್ನ ಹೆಂಡತಿ. ಹೋಗಿ ನೋಡಿದೆವು. ಮೇ ತಿಂಗಳು. ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಿತ್ತು. ಒಂದು ನಾಯಿ ಹೊಟ್ಟೆ ಒದ್ದೆಯಾಗದ ಹಾಗೆ ನಡೆದುಕೊಂಡೇ ಆ ದಡ ಸೇರಿತು. ಮದುವೆಯನ್ನು ಮಳೆಗಾಲಕ್ಕೆ ಹಾಕೋಣ ಎಂದರೆ ಹುಡುಗನ ರಜೆ ಹೊಳೆಯ ಮಾತು ಕೇಳುವುದಿಲ್ಲ. ಆಗ ಮಗಳು ತಣ್ಣಗೆ ಹೇಳಿದಳು, "ಪೂಲಿನಾಗ ದಾಟಸ್ಲಿ."

"ಪೂಲಿನಾಗ ಹರಿಗೋಲಾ? ಟೈಲ್ಸ್ ಹಾಳಾಗತಾವ" ಎಂದೆ.

"ನೀ ನನ್ನ ಮದುವಿ ಮಾಡಾಕತ್ತೀಯೋ, ಟೈಲ್ಸಿನ ಮದುವಿ ಮಾಡಾಕತ್ತೀಯೋ ಅಪ್ಪಾ?"

ನಾಲಿಗೆ ಅವಳಿಗೆ ಯಾರಿಂದ ಬಂತು ಎಂದು ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅಪ್ಪನ ಹತ್ತಿರ ಹೋಗಿ ವಿಷಯ ಹೇಳಿದೆವು. "ಬಚ್ಚಲದಾಗ?" ಎಂದ. ಆಮೇಲೆ "ಆಳ ಎಷ್ಟೈತಿ?" ಎಂದ. ಎದೆಮಟ್ಟ ಎಂದೆ. "ಮುಳುಗಿದ್ರ ಸಾಯಂಗಿಲ್ಲ ಅಂದ್ರ ಅದ್ಯಾವ ದಾಟೋದು" ಎಂದು ಮುಖ ತಿರುಗಿಸಿದ. ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಕೋಳಿಗಳ ಗಲಾಟೆ. ಅಪ್ಪ ಅವುಗಳನ್ನೆಲ್ಲ ಓಡಿಸಿ ಹರಿಗೋಲು ಎತ್ತುತ್ತಿದ್ದ.

ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೀರು ಒಳಗೆ ಬರದಂತೆ ಡಾಂಬರು ಬಳಿಯುತ್ತಾರೆ. ಬಹಳ ದಿನ ಮೇಲಿದ್ದ ಹರಿಗೋಲನ್ನು ಹೊಸ ಡಾಂಬರು ಬಳಿಯದೆ ನೀರಿಗಿಳಿಸುವುದು ಅಪ್ಪನ ಲೆಕ್ಕದಲ್ಲಿ ಮೈಲಿಗೆ ಬಟ್ಟೆಯಲ್ಲಿ ದೇವರ ಮನೆಗೆ ಹೋದ ಹಾಗೆ. ನಾನು ಲಗ್ನಪತ್ರಿಕೆ ಹಿಡಿದು ಕಮಲಾಪುರ, ಕಂಪ್ಲಿ ಸುತ್ತುತ್ತಿದ್ದೆ. ವಾಪಸು ಬರುವಷ್ಟರಲ್ಲಿ, ರಸ್ತೆ ಕೆಲಸದವರು ಬಿಟ್ಟುಹೋದ ಡ್ರಮ್ಮಿನ ಡಾಂಬರು ಕಾಯಿಸಿ, ಒಂದು ಬೆರಳು ದಪ್ಪಕ್ಕೆ ಬಳಿದು, ಬಿಸಿಲಿಗೆ ಒಣಹಾಕಿದ್ದ. ಕರಿಯ ಹರಿಗೋಲು ಫಳಫಳ ಹೊಳೆಯುತ್ತಿತ್ತು. ಫೋಟೊದಲ್ಲಿ ಚೆನ್ನಾಗಿ ಬರುತ್ತದೆ ಎಂದು ಖುಷಿಪಟ್ಟೆ.

ಅಪ್ಪ ಜನ್ಮವಿಡೀ ಹರಿಗೋಲು ಇಳಿಸಿದ್ದು ಹರಿಯುವ ತಣ್ಣನೆಯ ನೀರಿಗೆ. ಆ ನೀರಿಗೆ ತಾಗಿದರೆ ಡಾಂಬರು ಬಿಗಿಯುತ್ತದೆ, ಕಲ್ಲಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಸಾರಿನಂತೆ ಬೆಚ್ಚಗಾಗುವ ನೀರಿನ ಮೇಲೆ ಅದು ಏನು ಮಾಡುತ್ತದೆ ಎಂದು ಅವನಿಗೆ ತಿಳಿಯಲು ದಾರಿಯೇ ಇರಲಿಲ್ಲ. ಬೆಚ್ಚನೆಯ ನೀರನ್ನು ಅವನು ಕಂಡಿದ್ದು ನಿಜವಾದ ಬಚ್ಚಲಿನಲ್ಲಿ ಮಾತ್ರ. ನಾನಾದರೂ ಡಾಂಬರನ್ನು ಬಲ್ಲವನೇ? ನಮ್ಮ ಕಡೆಯ ರಸ್ತೆಗಳ ಮೇಲೆ ಅದು ದರ್ಶನ ಕೊಡುವುದೇ ಅಪರೂಪ.

ಸಾಲದ್ದಕ್ಕೆ ಹಿಂದಿನ ದಿನ ಹುಡುಗನ ಗೆಳೆಯರ ಅರಿಷಿಣದ ಕಾರ್ಯಕ್ರಮ. ನಮ್ಮಲ್ಲಿ ಅರಿಷಿಣ ಹಚ್ಚುವುದೆಂದರೆ ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಕೆನ್ನೆಗಿಷ್ಟು ಕೈಗಿಷ್ಟು ಸವರಿ, ಹಾಡು ಹೇಳಿ ಮುಗಿಸುವುದು. ಈ ಮಹಾಶಯರು ಅರಿಷಿಣವನ್ನು ಎಣ್ಣೆಯಲ್ಲಿ ಕಲಸಿ ಮೈಯೆಲ್ಲ ಮೆತ್ತಿಕೊಂಡು, ಹಾಡು ಹಾಕಿಕೊಂಡು, ಸಾಲಾಗಿ ಪೂಲಿಗೆ ಹಾರಿದರು. ಬೋರ್ಡಿನಲ್ಲಿ ಅರಿಷಿಣ ಎಂದು ಎಲ್ಲಿದೆ ಎಂದು ಒಬ್ಬ ನನ್ನನ್ನೇ ಕೇಳಿದ. ಬೀಗರ ಕಡೆಯವರು, ಏನೂ ಅನ್ನುವ ಹಾಗಿಲ್ಲ. ಫಿಲ್ಟರ್ ಬಿಡದೆ ಓಡಿಸಿದರೂ ಮದುವೆಯ ದಿನ ನೀರು ಮಜ್ಜಿಗೆ ಸಾರಿನ ಬಣ್ಣದಲ್ಲೇ ಇತ್ತು, ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಕಾಲಿಗೆ ಡಾಂಬರು ಮೆತ್ತಿಕೊಂಡ ಯಾರನ್ನಾದರೂ ಕೇಳಿ, ಅದು ಬಿಡುವುದು ಎಣ್ಣೆಗೆ.

ಬೆಳಿಗ್ಗೆ ಹೊಸಪೇಟೆಯ ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟಿದ್ದಾಯಿತು. ಊಟ ಮುಗಿಸಿ, ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಎರಡೂ ಕಡೆಯವರು ನಮ್ಮಲ್ಲಿಗೆ ಬಂದರು. ಪೂಲಿನ ಆ ತುದಿಯಲ್ಲಿ ಅಳಿಯ ಮುಡಿಯಿಂದ ಅಡಿಯವರೆಗೆ ಬಿಳಿ ಬಟ್ಟೆಯಲ್ಲಿ ನಿಂತಿದ್ದ. ಸಂಡೂರಿನ ಕೆಂಪು ಧೂಳಿನಲ್ಲಿ ಬಿಳಿ ಹಾಕುವಂತಿಲ್ಲವಂತೆ, ಅದಕ್ಕೆ ಇವತ್ತು ಆಸೆಪಟ್ಟು ಹೊಲಿಸಿದ್ದಂತೆ, ಅವನ ತಾಯಿ ಎಲ್ಲರಿಗೂ ಹೇಳುತ್ತಿದ್ದರು. ಈ ತುದಿಯಲ್ಲಿ ಅಪ್ಪ, ಹೊಸ ಧೋತರ, ತಲೆಗೆ ರುಮಾಲು. ಮೊದಲ ಸಲ ಪೂಲಿನ ದಂಡೆಯ ಮೇಲೆ. ಅವನ ತಂಗಿ, ನನ್ನ ಸೋದರತ್ತೆ, ಹತ್ತಿರದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹರಿಗೋಲು ಇಳಿಸಿದ ಗಂಡಸರು ತಮ್ಮ ಕೈ ನೋಡಿಕೊಂಡು ಒರೆಸಲು ಗೋಡೆ ಹುಡುಕುತ್ತ ಹೋದರು. ಕಾಯಿ ಒಡೆದದ್ದಾಯಿತು, ಅದರ ನೀರೂ ಪೂಲಿಗೇ. ಮಗಳು ಉಡಿಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಹರಿಗೋಲಿನಲ್ಲಿ ಕೂತಳು.

ಫೋಟೊದವನು ಅಪ್ಪನಿಗೆ ಹಿಂದೆ ಕೂರಲು ಹೇಳಿದ, ಮದುಮಗಳ ಮುಖ ಕಾಣಬೇಕಂತೆ. ಹರಿಗೋಲನ್ನು ಮುಂದೆ ಕೂತು, ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತ ನಡೆಸಬೇಕು. ಶುಭದಿನ ಜಗಳ ಯಾಕೆಂದು ಅಪ್ಪ ಹಿಂದೆ ಕೂತು ಹುಟ್ಟು ಹಾಕಿದ. ಹರಿಗೋಲು ಮುಂದಕ್ಕೆ ಹೋಗುವ ಬದಲು ಬೀಸುಕಲ್ಲಿನ ಹಾಗೆ ನಿಂತಲ್ಲೇ ತಿರುಗಿತು. ಇನ್ನೊಮ್ಮೆ ಹಾಕಿದ, ಇನ್ನೊಮ್ಮೆ ತಿರುಗಿತು. ಮಗಳ ಮುಖ ಎಲ್ಲ ದಿಕ್ಕಿನವರಿಗೂ ಸಮನಾಗಿ ಕಂಡಿತು. ಎಲ್ಲರ ಕೈಯಲ್ಲೂ ಮೊಬೈಲು. "ತಾತ, ರಿವರ್ಸ್ ಹೊಡಿ" ಎಂದು ಅರಿಷಿಣದ ಗುಂಪಿನವನೊಬ್ಬ ಕೂಗಿದ, ಉಳಿದವರು ನಕ್ಕರು. ತುಂಬಿದ ಹೊಳೆಯಲ್ಲಿ ಬಾಣಂತಿಯನ್ನು ದಾಟಿಸಿದ ಮನುಷ್ಯ ನನ್ನ ತೊಟ್ಟಿಯಲ್ಲಿ ನಗೆಪಾಟಲಾಗುತ್ತಿದ್ದ. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಅವಸರ ಇಲ್ಲ ತಾತ" ಎಂದಳು ಮಗಳು.

ಅಪ್ಪ ಫೋಟೊದವನ ಕಡೆ ನೋಡಲಿಲ್ಲ. ಮೊಮ್ಮಗಳ ಭುಜ ಹಿಡಿದು ದಾಟಿ ಮುಂದೆ ಹೋದ, ಮಂಡಿಯೂರಿದ, ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನೀರು ಎಳೆದ. ಹರಿಗೋಲು ಒಂದು ಸಲ ತಲೆಯಾಡಿಸಿ ಹೊರಟಿತು. ಹೊರಡುತ್ತಲೇ ಹಿಂದೆ ಹಳದಿ ನೀರಿನಲ್ಲಿ ಕರಿಯ ಎಳೆಗಳು ಬಿಚ್ಚಿಕೊಂಡವು, ಶಾವಿಗೆಯ ಹಾಗೆ, ಉದ್ದುದ್ದಕ್ಕೆ.

ಆ ಡಾಂಬರಿನ ಕಥೆಯನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಆಮೇಲೆ ಹೇಳುವ ಮನಸ್ಸು ಇರುವುದಿಲ್ಲ. ಫಿಲ್ಟರ್ ಉಸಿರುಕಟ್ಟಿ ಸತ್ತಿತು. ನೀರು ಖಾಲಿ ಮಾಡಿ, ಸೀಮೆಎಣ್ಣೆ, ಮರಳು, ಹುಣಸೆಹಣ್ಣು, ಯಾರು ಏನು ಹೇಳಿದರೋ ಅದೆಲ್ಲ ಹಾಕಿ ತಿಕ್ಕಿದೆವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುವುದನ್ನು ಕೇಳಿದ್ದೆ, ಕೈಯಾರೆ ಮಾಡಿದ್ದು ಆಗಲೇ. ನೀಲಿ ಟೈಲ್ಸಿನ ಅಂಚಿಗೆ ಈಗಲೂ ಕರಿಯ ಕಲೆಗಳಿವೆ. ಪೂಲಿಗೆ ಸಗಣಿ ಬಳಿದಿದ್ದಾರೆ ಎಂದು ಒಬ್ಬ ಅತಿಥಿ ಇಂಟರ್‌ನೆಟ್ಟಿನಲ್ಲಿ ಬರೆದು ಹಾಕಿದ್ದಾನೆ. ಹಳ್ಳಿಯ ಸೊಗಡು ಚೆನ್ನಾಗಿದೆ ಎಂದೂ ಸೇರಿಸಿದ್ದಾನೆ.

ಹರಿಗೋಲು ಆ ತುದಿ ಮುಟ್ಟಿತು. ಅಳಿಯ ಬಗ್ಗಿ ಅದರ ಅಂಚು ಹಿಡಿದ. ಬಿಳಿ ತೋಳು ಮೊಣಕೈಯವರೆಗೆ ಕಪ್ಪಾಯಿತು. ಕೈ ಒರೆಸಿಕೊಳ್ಳಲು ಹೋಗಿ ಎದೆಯೂ ಕಪ್ಪಾಯಿತು.

"ಏನ್ರಿ ಬೀಗರ, ಇದು ಹೋಗತ್ತೇನ್ರಿ?" ಎಂದರು ಅವನ ತಾಯಿ.

"ಹೋಗತ್ತರಿ, ಎಣ್ಣಿ ಹಚ್ಚಿದ್ರ ಹೋಗತ್ತರಿ" ಎಂದೆ. ಅರಿಷಿಣ ತೆಗೆಯುವ ಬಲೆಯನ್ನು ಕೈಯಲ್ಲಿ ಹಿಡಿದು, ದಂಡೆಯ ಮೇಲೆ ಹರಿಗೋಲಿನ ಹಿಂದೆ ಹಿಂದೆಯೇ ಓಡಿ ಬಂದಿದ್ದೆ. ಸಿಕ್ಕಷ್ಟು ಡಾಂಬರು ಎತ್ತುತ್ತಿದ್ದೆ.

ಮಗಳು ಇಳಿಯಲಿಲ್ಲ. ಇಳಿಯುವ ಹಾಗೂ ಇರಲಿಲ್ಲ. ಹೊಳೆ ದಾಟಿ ಗಂಡನ ಮನೆಗೆ ಹೋಗುವ ಹೆಣ್ಣು ದಡ ಮುಟ್ಟಿದ ಮೇಲೆ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಗಂಗಮ್ಮನಿಗೆ ಹಾಕಿ, "ಹೋಗಿ ಬರ್ತೀನಿ" ಅನ್ನುತ್ತಾಳೆ. ಅಂಬಿಗ ದಡದ ಕಲ್ಲು ಬಿಗಿಯಾಗಿ ಹಿಡಿದುಕೊಂಡಿರುತ್ತಾನೆ. "ಹೋಗಿ ಬಾರವ್ವ, ಪಂಚಮಿಗೆ ನಾನ ಬಂದು ದಾಟಿಸ್ತೀನಿ" ಎಂದು ಅವನು ಹೇಳಿದ ಮೇಲೆಯೇ ಅವಳು ಇಳಿಯಬೇಕು. ಪಂಚಮಿ ಬರುವುದು ಶ್ರಾವಣದಲ್ಲಿ, ಹೊಳೆ ತುಂಬಿ ಹರಿಯುವಾಗ. ತವರಿನಲ್ಲಿ ಜೋಕಾಲಿ ಕಟ್ಟಿರುತ್ತಾರೆ, ಉಂಡಿ ಮಾಡಿರುತ್ತಾರೆ. ಅಣ್ಣತಮ್ಮಂದಿರು ಎಷ್ಟೇ ಪ್ರೀತಿಯವರಾದರೂ ಆ ನೀರು ನೋಡಿ ಹಿಂದೆ ಸರಿಯುತ್ತಿದ್ದರು. ಹೆಣ್ಣುಮಕ್ಕಳು ತವರು ಕಾಣುತ್ತಿದ್ದದ್ದು ಅಂಬಿಗನ ಆ ಒಂದು ಮಾತಿನ ಮೇಲೆ.

ಮಗಳು ಅಕ್ಕಿ ಹಾಕಿದಳು. ಅದು ಅರಿಷಿಣ, ಎಣ್ಣೆ, ಡಾಂಬರಿನ ನಡುವೆ ಹಾದು ತಳಕ್ಕೆ ಇಳಿಯಿತು. "ಹೋಗಿ ಬರ್ತೀನಿ ತಾತ" ಎಂದಳು.

ಅಪ್ಪ ಒಂದು ಕೈಯಲ್ಲಿ ದಂಡೆಯ ಕಲ್ಲು ಹಿಡಿದು ಕೂತಿದ್ದ. ಮಾತಾಡಲಿಲ್ಲ.

ಮರೆತಿದ್ದಾನೆ ಎಂದುಕೊಂಡೆವು. ಸೋದರತ್ತೆ ಕುರ್ಚಿ ಬಿಟ್ಟು ಎದ್ದು ಬಂದಳು. ಅವಳ ಮದುವೆಯ ದಿನ ಅವಳಿಗೂ ಇದೇ ಅಣ್ಣ ಇದೇ ಮಾತು ಹೇಳಿ ಇಳಿಸಿದ್ದ. "ಹೇಳಣ್ಣ, ಹುಡುಗಿ ಕಾಯಾಕತ್ತಾಳ" ಎಂದಳು.

"ನೆಪ್ಪೈತಿ" ಎಂದ ಅಪ್ಪ. ಹುಟ್ಟು ಹಿಡಿದ ಇನ್ನೊಂದು ಕೈಯನ್ನು ನೋಡಿಕೊಂಡ. ಅದು ನಡುಗುತ್ತಿತ್ತು, ಹುಟ್ಟಿನ ತುದಿ ಹರಿಗೋಲಿನ ಬಿದಿರಿಗೆ ಟಕಟಕ ಬಡಿಯುತ್ತಿತ್ತು. "ನೀರಿನ ಮ್ಯಾಲ ಕುಂತು ಸುಳ್ಳು ಹೇಳಬಾರದು. ಈ ಕೈ ಪಂಚಮಿ ತನಕ ಇರತಾವೋ ಇಲ್ಲೋ."

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಮಗಳು ಉಡಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅಪ್ಪ ನನ್ನ ಕಡೆ ತಿರುಗಿದ. "ಲೇ, ನೀ ಹೇಳು."

"ನಾನಾ? ನನಗ ಹುಟ್ಟು ಹಿಡಿಯಾಕ ಬರಂಗಿಲ್ಲಪ್ಪ."

"ಕಲಿ."

ಸಂಡೂರಿಗೂ ನಮ್ಮೂರಿಗೂ ನಡುವೆ ಹೊಳೆ ಇಲ್ಲ, ಕಾರು ತೆಗೆದುಕೊಂಡು ಹೋದರೆ ಪಂಚಮಿಗೆ ಮಗಳು ಊಟದ ಹೊತ್ತಿಗೆ ಮನೆಯಲ್ಲಿರುತ್ತಾಳೆ ಎಂದು ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಅಪ್ಪ ಕಲ್ಲು ಬಿಡದೆ ನನ್ನನ್ನೇ ನೋಡುತ್ತಿದ್ದ. ಬಲೆ ಕೆಳಗಿಟ್ಟೆ. ದಂಡೆಯ ಮೇಲೆ ಮಂಡಿಯೂರಿದೆ, ಹೊಸ ಪಂಚೆಗೆ ಡಾಂಬರು ಮೆತ್ತಿತು.

"ಹೋಗಿ ಬಾರವ್ವ" ಎಂದೆ. "ಪಂಚಮಿಗೆ ನಾನ ಬಂದು ದಾಟಿಸ್ತೀನಿ."

ಆಗ ಅಪ್ಪ ಹುಟ್ಟನ್ನು ನನ್ನ ಕೈಗೆ ಕೊಟ್ಟ. ಮಗಳು ನನ್ನ ಭುಜ ಹಿಡಿದು ಇಳಿದಳು.